ಅಮ್ಮನನ್ನು ನೋಡಿಕೊಳ್ಳಲು ಯಾವ ಖಾತೆಯ ರಜೆ?

ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಬೆಂಗಳೂರಿನ ಡೆಸ್ಕ್ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ಅಪ್ಪ ಇಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿ ಬಲಭಾಗ ಸ್ವಾಧೀನದಲ್ಲಿಲ್ಲ. ಅಣ್ಣ ದುಬೈಯಿಂದ ತಿಂಗಳು ತಿಂಗಳು ಹಣ ಕಳಿಸುತ್ತಾನೆ, ತಪ್ಪಿಸುವುದಿಲ್ಲ. ಆದರೆ ನಡುರಾತ್ರಿ ಅಮ್ಮನ ಮಗ್ಗುಲು ಬದಲಿಸಲು ಹಣ ಎದ್ದು ಬರುವುದಿಲ್ಲವಲ್ಲ.

ಅಪ್ಪ ಅಮ್ಮ ಇಬ್ಬರೂ ಇದ್ದರೆ ಒಬ್ಬರಿಗೆ ಇನ್ನೊಬ್ಬರು ಗಂಜಿ ಬೇಯಿಸಿ ಕೊಡುತ್ತಾರೆ, ಮಾತ್ರೆ ನೆನಪಿಸುತ್ತಾರೆ. ಪೇಟೆಯಲ್ಲಿರುವ ಮಕ್ಕಳ ನೌಕರಿ ನಡೆಯುವುದೇ ಆ ಆಸರೆಯ ಮೇಲೆ. ಒಬ್ಬರೇ ಉಳಿದಾಗ ಅದು ಗೊತ್ತಾಗುತ್ತದೆ.

ಕೆಲಸ ಬಿಡುವ ಮೊದಲು ಇವಳು ದೀರ್ಘ ರಜೆ ಕೇಳಿದ್ದಳು. 'ಯಾವಾಗ ವಾಪಸ್ ಬರ್ತೀರಿ?' ಎಂದರು. ಹೆರಿಗೆ ರಜೆಗಾದರೆ ಲೆಕ್ಕವಿದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ. ಅಮ್ಮನ ಕೊನೆಗಾಲಕ್ಕೆ ಯಾವ ತಾರೀಕು ಬರೆಯುವುದು? ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಕೇಳಿದವರಿಗೆ ಅದು ಹೊಳೆಯಿತೋ ಇಲ್ಲವೋ. ಅವಳು ಉತ್ತರಿಸದೆ ರಾಜೀನಾಮೆ ಬರೆದಳು.

ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಗೆ ಕಾನೂನಿದೆ. 2007ರ ಕಾಯ್ದೆಯಡಿ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಲು ಹೊರಟ ಮಕ್ಕಳ ನೌಕರಿ ಉಳಿಸುವ ಮಾತು ಅದರಲ್ಲಿಲ್ಲ. ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ, ಒಳ್ಳೆಯದೇ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲಿನ ತಿಂಗಳುಗಳು ಯಾರ ಲೆಕ್ಕಕ್ಕೆ? ಹೋಂ ನರ್ಸ್ ಇಟ್ಟುಕೊಳ್ಳಿ ಎನ್ನುವವರು ಜಿಲ್ಲಾ ಪತ್ರಿಕೆಯ ಉಪಸಂಪಾದಕರ ಸಂಬಳ ಎಷ್ಟೆಂದು ಒಮ್ಮೆ ಕೇಳಿ ನೋಡಲಿ.

ಕಳೆದ ತಿಂಗಳು ಅವಳು ಒಂದು ಸಂದರ್ಶನಕ್ಕೆ ಹೋಗಿದ್ದಳು. ಪಕ್ಕದ ಮನೆಯ ಅಕ್ಕನನ್ನು ಅಮ್ಮನ ಬಳಿ ಕೂರಿಸಿ ಹೊರಟಿದ್ದು. 'ಎರಡು ವರ್ಷ ಏನು ಮಾಡ್ತಿದ್ರಿ?' ಎಂದಾಗ 'ಮನೇಲಿದ್ದೆ' ಎಂದಳಂತೆ. ಇನ್ಸುಲಿನ್ ಚುಚ್ಚುವುದು, ಮೂಗಿನ ಟ್ಯೂಬಿನಲ್ಲಿ ಊಟ ಕೊಡುವುದು, ಬೆನ್ನು ಹುಣ್ಣಾಗದಂತೆ ಕಾಯುವುದು, ಇದನ್ನೆಲ್ಲ ಬಯೋಡೇಟಾದ ಯಾವ ಸಾಲಿನಲ್ಲಿ ಬರೆಯುವುದೆಂದು ನನಗೂ ತಿಳಿಯಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಸಂಬಳ ಬೇಡ, ಒಂದು ವರ್ಷ ಕುರ್ಚಿ ಕಾಯ್ದಿರಿಸಿ. ಊರಿನಿಂದಲೇ ಪುಟ ತಿದ್ದಲು ಬಿಡಿ. ಕೊರೊನಾ ಕಾಲದಲ್ಲಿ ತಿದ್ದಿದ್ದೆವಲ್ಲ? ಈ ರಜೆ ಗಂಡುಮಕ್ಕಳಿಗೂ ಇರಲಿ. ಇಲ್ಲವಾದರೆ ಅಣ್ಣಂದಿರು ಹಣ ಕಳಿಸುವುದು, ತಂಗಿಯರು ಕೆಲಸ ಬಿಡುವುದು ಹೀಗೇ ಮುಂದುವರಿಯುತ್ತದೆ.

ಸಂದರ್ಶನದ ಫಲಿತಾಂಶ ಇನ್ನೂ ಬಂದಿಲ್ಲ. ಬಂದರೆ ಹೋಗ್ತೀಯಾ ಎಂದು ಕೇಳಿದೆ. 'ಅಮ್ಮ ಕರೀತಿದ್ದಾರೆ, ಆಮೇಲೆ ಮಾಡ್ತೇನೆ' ಎಂದು ಫೋನಿಟ್ಟಳು.