ಹೊದಿಕೆಯ ಹೊಣೆ

ಸರಕನ್ನು ಕೊಂಡವರ ಕೈಗೊಪ್ಪಿಸಿದೊಡನೆ ವ್ಯಾಪಾರಿಯ ಕರ್ತವ್ಯ ಮುಗಿಯಿತೆಂಬುದು ಬಹುಕಾಲದಿಂದ ಬೇರೂರಿರುವ ಭಾವನೆ. ಸರಕು ಒಡೆದಿದ್ದರೆ ದೂರು ಬಂದೀತು. ಹಣ ಬಾರದಿದ್ದರೆ ಪತ್ರ ಬರೆಯಬೇಕಾದೀತು. ಆದರೆ ಸರಕಿಗೆ ಸುತ್ತಿದ್ದ ಕಾಗದ ಏನಾಯಿತು, ರಟ್ಟಿನ ಪೆಟ್ಟಿಗೆ ಯಾವ ತಿಪ್ಪೆಯನ್ನು ಸೇರಿತು ಎಂದು ಚಿಂತಿಸಿದ ವರ್ತಕರು ವಿರಳ. ಸಮುದ್ರದಾಚೆಗೆ ಸರಕು ಕಳುಹಿಸುವವರು ಈಗ ಆ ಚಿಂತೆಯನ್ನೂ ಮಾಡಬೇಕಾಗಿದೆ.

ಜರ್ಮನಿಯನ್ನೇ ನೋಡೋಣ. 1980ರ ದಶಕದಲ್ಲಿ ಅಲ್ಲಿ ಕಸ ಹೂಳುವ ತಾಣಗಳು ತುಂಬುತ್ತ ಬಂದವು. ಹೊಸ ತಾಣಕ್ಕೆ ತಮ್ಮ ಊರಿನಲ್ಲಿ ಎಡೆಗೊಡಲು ಜನ ಒಪ್ಪಲಿಲ್ಲ. ಕ್ಲೌಸ್ ಟೋಪ್ಫರ್ ಅವರು ಪರಿಸರ ಸಚಿವರಾಗಿದ್ದಾಗ, 1991ರಲ್ಲಿ, ಆ ಸರ್ಕಾರವು ಹೊಸದೊಂದು ನ್ಯಾಯವನ್ನು ಮುಂದಿಟ್ಟಿತು: ಹೊದಿಕೆಯನ್ನು ಮಾರುಕಟ್ಟೆಗೆ ತಂದವನೇ ಅದರ ಅಂತ್ಯಸಂಸ್ಕಾರದ ವೆಚ್ಚವನ್ನೂ ಹೊರತಕ್ಕದ್ದು. ಡಬ್ಬಿಗಳ ಮೇಲೆ ಕಾಣಿಸಿಕೊಂಡ ಹಸಿರು ಚುಕ್ಕೆಯ ಗುರುತು ಆ ಕಾಲದ್ದೇ. 2019ರ ಜನವರಿ 1ರಂದು ಜಾರಿಗೆ ಬಂದ ಕಾಯಿದೆ ಈ ನ್ಯಾಯವನ್ನು ಮತ್ತಷ್ಟು ಬಿಗಿಗೊಳಿಸಿತು.

ಇದು ದೂರದೇಶದ ಸುದ್ದಿಯಷ್ಟೇ ಎಂದು ವಾಚಕರು ಪುಟ ಮಗುಚಬಾರದು. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಅರಗಿನ ಬಣ್ಣದ ಬೊಂಬೆಗಳನ್ನು ಅಂತರ್ಜಾಲದ ಮೂಲಕ ಬರ್ಲಿನ್ನಿನ ಗೃಹಿಣಿಯೊಬ್ಬಳಿಗೆ ನೇರವಾಗಿ ಮಾರುತ್ತಾರೆಂದು ಭಾವಿಸಿ. ಬೊಂಬೆಯ ಡಬ್ಬಿ, ಅಂಚೆಯ ಪೆಟ್ಟಿಗೆ, ಒಳಗೆ ತುರುಕಿದ ಕಾಗದ, ಮೇಲೆ ಅಂಟಿಸಿದ ಪಟ್ಟಿ, ಇವೆಲ್ಲಕ್ಕೂ ಆ ಕಾಯಿದೆಯಂತೆ ಅವರೇ ಹೊಣೆಗಾರರು. ಮೊದಲು ಲೂಸಿಡ್ ಎಂಬ ಸರ್ಕಾರಿ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕು, ಇದಕ್ಕೆ ಶುಲ್ಕವಿಲ್ಲ. ಬಳಿಕ ಮನೆಮನೆಯಿಂದ ಹೊದಿಕೆಗಳನ್ನು ಸಂಗ್ರಹಿಸುವ ಸಂಸ್ಥೆಗಳಲ್ಲೊಂದರೊಡನೆ ಕರಾರು ಮಾಡಿಕೊಂಡು, ತೂಕಕ್ಕೆ ತಕ್ಕ ಹಣ ತೆರಬೇಕು. ಸಂಸ್ಥೆಗೆ ಕೊಟ್ಟ ಲೆಕ್ಕವನ್ನೇ ದಾಖಲೆಗೂ ಒಪ್ಪಿಸಬೇಕು.

ಲೆಕ್ಕವೇನೂ ಕಠಿಣವಲ್ಲ. ಪೊಟ್ಟಣವೊಂದಕ್ಕೆ 150 ಗ್ರಾಂ ರಟ್ಟು, 20 ಗ್ರಾಂ ಪ್ಲಾಸ್ಟಿಕ್ ಹಿಡಿದರೆ, ವರ್ಷಕ್ಕೆ 200 ಪೊಟ್ಟಣಗಳಿಗೆ 30 ಕಿಲೋ ರಟ್ಟು, 4 ಕಿಲೋ ಪ್ಲಾಸ್ಟಿಕ್. ರಟ್ಟಿಗೆ ದರ ಕಡಿಮೆ, ಪ್ಲಾಸ್ಟಿಕ್ಕಿಗೆ ಹೆಚ್ಚು. ತಕ್ಕಡಿಯೊಂದು, ಲೆಕ್ಕದ ಪುಸ್ತಕವೊಂದು ಇದ್ದರೆ ಸಾಕು.

ಉದಾಸೀನದ ಫಲ ಮಾತ್ರ ಕಹಿಯಾದುದು. ನೋಂದಣಿ ತಪ್ಪಿದರೆ ಒಂದು ಲಕ್ಷ ಯೂರೋ, ಕರಾರು ತಪ್ಪಿದರೆ ಎರಡು ಲಕ್ಷ ಯೂರೋವರೆಗೆ ದಂಡವನ್ನು 2019ರ ಕಾಯಿದೆ ವಿಧಿಸಿತು. ಅದಕ್ಕಿಂತ ಬೇಗನೆ ತಟ್ಟುವ ಪೆಟ್ಟು ಬೇರೊಂದಿದೆ. 2022ರ ಜುಲೈ 1ರಿಂದ ಅಂತರ್ಜಾಲದ ಮಾರುಕಟ್ಟೆಗಳೇ ಮಾರಾಟಗಾರರ ನೋಂದಣಿಯನ್ನು ಪರೀಕ್ಷಿಸಬೇಕೆಂದಾಯಿತು. ನೋಂದಣಿಯಿಲ್ಲದವರ ಸರಕನ್ನು ಅವು ಮಾರಾಟಕ್ಕಿಡುವಂತಿಲ್ಲ. ಅಂಗಡಿಯ ಬಾಗಿಲು ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳದಿರದು. ಈ ನೋಂದಣಿಗೆ ಕನಿಷ್ಠ ಮಿತಿಯೆಂಬುದಿಲ್ಲ. ಮೊದಲನೆಯ ಪೊಟ್ಟಣದಿಂದಲೇ ಹೊಣೆ ಆರಂಭ. ಸಾವಿರಾರು ಟನ್ನು ಸಾಗಿಸುವ ಕಾರ್ಖಾನೆಗೆ ಗುಮಾಸ್ತರ ದಂಡೇ ಇರುತ್ತದೆ. ಚಾಣ ಹಿಡಿದ ಕೈಯೇ ಪರಭಾಷೆಯ ನಮೂನೆಗಳನ್ನೂ ತುಂಬಬೇಕೆಂದರೆ ಭಾರ ಸಮನಾಗಿ ಬಿದ್ದಂತಾಗಲಿಲ್ಲ. ಆದರೆ ಇದಕ್ಕೆ ದಾರಿಯಿಲ್ಲದಿಲ್ಲ. ಅಲ್ಲಿಯ ಆಮದುದಾರರಿಗೆ ಸಗಟಾಗಿ ಮಾರಿದರೆ, ಗಡಿ ದಾಟುವಾಗ ಸರಕಿನ ಹೊಣೆ ಹೊತ್ತ ಆ ಆಮದುದಾರರೇ ಸಾಮಾನ್ಯವಾಗಿ ಹೊದಿಕೆಗೂ ಉತ್ತರವಾದಿಗಳು. ಕುಶಲಕರ್ಮಿಗಳು ಸಹಕಾರ ಸಂಘವಾಗಿ ಒಂದೇ ಹೆಸರಿನಲ್ಲಿ ಮಾರಿದರೆ ಬರವಣಿಗೆಯ ಭಾರವೂ ಹಂಚಿಹೋಗುತ್ತದೆ. ಒಂಟಿಯಾಗಿ ಹೊರಲಾರದುದನ್ನು ಹತ್ತು ಜನ ಹೊರಬಹುದಷ್ಟೆ.

ನಿಯಮಗಳು ನಿಂತ ನೀರಲ್ಲ ಎಂಬುದನ್ನೂ ನೆನಪಿಡಬೇಕು. ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರಗಳಿಗೆಲ್ಲ ಸಲ್ಲುವ ಹೊಸ ನಿಬಂಧನೆ 2025ರ ಫೆಬ್ರವರಿ 11ರಂದು ಸಿಂಧುವಾಯಿತು. ಅದರ ಅನ್ವಯಕ್ಕೆ ಗೊತ್ತುಪಡಿಸಿದ ದಿನ 2026ರ ಆಗಸ್ಟ್ 12. ಅಂಚೆಯ ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು ಜಾಗವಿರಕೂಡದೆಂಬ ಕಟ್ಟಳೆಯನ್ನು 2030ರ ಬಳಿಕದ ದಿನಗಳಿಗಾಗಿ ಅದು ವಿಧಿಸಿದೆ. ಒಳಗೆ ತುಂಬಿದ ಕಾಗದದ ಚೂರು, ಗಾಳಿಯ ಚೀಲಗಳೂ ಬರಿದು ಜಾಗವೆಂದೇ ಗಣನೆ! ಆದುದರಿಂದ ಪೊಟ್ಟಣ ಕಳುಹಿಸುವವರು ಆಯಾ ದಿನದ ನಿಯಮವನ್ನು ವಿಚಾರಿಸಿಕೊಳ್ಳುವುದು ಲೇಸು. ಬೊಂಬೆಗೆ ಒಪ್ಪುವ ಅಳತೆಯ ಪೆಟ್ಟಿಗೆಯನ್ನು ಈಗಲೇ ಮಾಡಿಸಿಕೊಳ್ಳುವುದು ಇನ್ನೂ ಲೇಸು.

ಇದು ಪರದೇಶಿಗಳ ಕಿರುಕುಳವೆಂದು ಗೊಣಗುವವರಿಗೆ ಕೊನೆಯದಾಗಿ ಒಂದು ಮಾತು. ನಮ್ಮ ದೇಶದಲ್ಲಿಯೂ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮತ್ತು 2022ರ ಮಾರ್ಗಸೂಚಿಗಳು ತಯಾರಕರ ಮೇಲೆ ಇದೇ ಬಗೆಯ ಹೊಣೆಯನ್ನು ಹೊರಿಸಿವೆ. ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟ ಕಾಲದಲ್ಲಿ ಹೊದಿಕೆಯ ಹೊಣೆಯನ್ನು ಮಣ್ಣು ಹೊರುತ್ತಿತ್ತು. ಮಣ್ಣು ಹೊರಲಾರದ ವಸ್ತುವಿನಲ್ಲಿ ಕಟ್ಟತೊಡಗಿದ ಮೇಲೆ, ಕಟ್ಟಿದವರೇ ಅದನ್ನು ಹೊರಬೇಕಲ್ಲದೆ ಮತ್ತಾರು ಹೊರಬೇಕು?