ಬೆನ್ನಿನ ನೀರಿನ ಪರೀಕ್ಷೆಗೆ ಬೇಡ ಅನ್ನಬೇಡಿ

ಮಗುವಿಗೆ ಜ್ವರ ಬಂದು, ಫಿಟ್ಸ್ ಆಗಿ ಪ್ರಜ್ಞೆ ತಪ್ಪಿದರೆ ವೈದ್ಯರು ಬೆನ್ನಿನ ನೀರು ಪರೀಕ್ಷಿಸಬೇಕು ಅನ್ನುತ್ತಾರೆ. ಕಾಲು ಬಿದ್ದುಹೋಗುತ್ತೆ ಎಂಬ ಭಯದಲ್ಲಿ ಎಷ್ಟೋ ಮನೆಯವರು ಸಹಿ ಹಾಕುವುದಿಲ್ಲ. ಈ ಭಯ ಹೋಗಬೇಕು.

1970ರ ದಶಕದ ಕೊನೆಯಿಂದಲೂ ಕೋಲಾರ ಜಿಲ್ಲೆಯನ್ನು ಜಪಾನೀಸ್ ಮೆದುಳು ಜ್ವರ ಕಾಡಿದೆ. ಸೊಳ್ಳೆಯಿಂದ ಈ ವೈರಸ್ ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗಷ್ಟೇ ತೀವ್ರ ಕಾಯಿಲೆ. ಉಳಿದವರ ರಕ್ತದಲ್ಲಿ ಗೊತ್ತೇ ಆಗದಂತೆ ಪ್ರತಿಕಾಯ ಹುಟ್ಟಿರುತ್ತದೆ. ಲಸಿಕೆಯಿಂದಲೂ ಹುಟ್ಟುತ್ತದೆ. ಹಾಗಾಗಿ ಮಾಲೂರು, ಮುಳಬಾಗಿಲಿನ ಮಗುವಿನ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು ಎಂದ ಮಾತ್ರಕ್ಕೆ ಈಗಿನ ಜ್ವರಕ್ಕೆ ಅದೇ ಕಾರಣ ಎನ್ನಲಾಗದು. ವೈರಸ್ ಇಲ್ಲದ ಊರಿನಲ್ಲಾದರೆ ಅದೇ ಫಲಿತಾಂಶದ ಅರ್ಥವೇ ಬೇರೆ.

ಬೆನ್ನಿನ ನೀರಿನಲ್ಲಿ ಮಾಮೂಲಾಗಿ ಪ್ರತಿಕಾಯ ತೀರಾ ಕಡಿಮೆ. ಅಲ್ಲಿ ಈ ವೈರಸ್‌ನ ಐಜಿಎಂ ಸಿಕ್ಕರೆ ಮೆದುಳಿಗೇ ಸೋಂಕು ಎಂದು ತಿಳಿಯುತ್ತದೆ. ಔಷಧಿಯಿಂದ ವಾಸಿಯಾಗುವ ಬ್ಯಾಕ್ಟೀರಿಯಾ, ಟಿಬಿ ಮೆದುಳು ಜ್ವರಗಳೂ ಅದೇ ನೀರಿನಲ್ಲಿ ಪತ್ತೆಯಾಗುತ್ತವೆ. ತಡವಾದರೆ ಜೀವಕ್ಕೇ ಅಪಾಯ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಕೆಲವು ದಿನ ತಲೆನೋವು ಬರಬಹುದು.

ವೈದ್ಯರಿಗೂ ಒಂದು ಮಾತು. ಸಹಿ ಕೇಳುವ ಮೊದಲು ಇದನ್ನೆಲ್ಲ ಬಿಡಿಸಿ ಹೇಳಿ. ಶ್ರೀನಿವಾಸಪುರದ ಕಡೆಯವರಿಗೆ ತೆಲುಗಿನಲ್ಲೇ ಹೇಳಿ.

ಮಗುವಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಜೆಇ ಲಸಿಕೆ ಇದೆ. ಅದನ್ನಂತೂ ತಪ್ಪಿಸಬೇಡಿ.