ಹಿಂತಿರುಗಿದ ಚೀಟಿಗಳು: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ,

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ವಿದ್ಯಾರ್ಥಿಗಳಿಗೆ ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆಯನ್ನು ಹತ್ತೊಂಬತ್ತು ವರ್ಷಗಳಿಂದ ಪಾಠ ಮಾಡುತ್ತಿರುವ ಮೇಷ್ಟ್ರು ನಾನು. ತಾವೂ ಇದೇ ವಿಷಯದಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಆಕರ ಸಿಗದ ಸಂಶೋಧಕನ ಪಾಡು ಏನೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಬಳಿ ಕಿರುಪ್ರಬಂಧ ಬರೆದ ಹುಡುಗಿ ಬಂಟ್ವಾಳ ತಾಲ್ಲೂಕಿನವಳು. ತಾಯಿ ಬೀಡಿ ಕಟ್ಟುತ್ತಾರೆ. ಅವಳು ಆರಿಸಿಕೊಂಡ ವಿಷಯ 1950ರ ಕೊರಿಯಾ ಬಿಕ್ಕಟ್ಟು ಮತ್ತು ಭಾರತ. ಇದೇ ಯಾಕಮ್ಮ ಅಂದರೆ, “ಬೆನಗಲ್ ನರಸಿಂಗ ರಾಯರು ನಮ್ಮ ಮಂಗಳೂರಲ್ಲಿ ಹುಟ್ಟಿದವರಲ್ವಾ ಸರ್” ಅಂದಳು.

1950ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿಗೆ ಬಂದಿತ್ತು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ರಾಯರೇ ಆ ಪೀಠದಲ್ಲಿದ್ದರು. ಉತ್ತರ ಕೊರಿಯಾ ತನ್ನ ಸೇನೆಯನ್ನು ಹಿಂತೆಗೆಯಬೇಕು ಎಂದ ಜೂನ್ 25ರ ನಿರ್ಣಯಕ್ಕೆ ಭಾರತ ಮತ ಹಾಕಿತು. ದಕ್ಷಿಣ ಕೊರಿಯಾಕ್ಕೆ ನೆರವಾಗಿ ಎಂದು ಸದಸ್ಯ ದೇಶಗಳಿಗೆ ಕರೆಕೊಟ್ಟ ನಿರ್ಣಯ 27ರಂದು ಬಂದಾಗ, ದೆಹಲಿಯ ಸೂಚನೆ ಕೈಸೇರದೆ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. 29ರಂದು ಭಾರತ ಆ ನಿರ್ಣಯವನ್ನೂ ಒಪ್ಪಿಕೊಂಡಿತು. ನಡುವಿನ ಎರಡು ದಿನ ದೆಹಲಿಯಲ್ಲಿ ಏನು ನಡೆಯಿತು? ಯಾರು ಬೇಡ ಅಂದರು, ಯಾರು ಬೇಕು ಅಂದರು, ಯಾರ ಮಾತು ನಿಂತಿತು? ಅವಳ ಪ್ರಶ್ನೆ ಇಷ್ಟೇ. ಎಂ.ಎ. ವಿದ್ಯಾರ್ಥಿನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆದದ್ದನ್ನು ನಾನು ಕಂಡಿಲ್ಲ.

ನಾನು ಕಲಿಸುವ ವಿಧಾನಗಳಲ್ಲಿ ಒಂದು, ತೀರ್ಮಾನದ ಜಾಡು ಹಿಡಿಯುವುದು. ತೀರ್ಮಾನವನ್ನು ಕಂಡ ಮೇಲೆ ಅದು ಹುಟ್ಟಿದ ಜಾಗದವರೆಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯಬೇಕು. ಸರ್ಕಾರದ ಕೆಲಸದಲ್ಲಿ ಆ ಹೆಜ್ಜೆಗಳು ಮೂಡುವುದು ಕಡತದ ಟಿಪ್ಪಣಿ ಹಾಳೆಯಲ್ಲಿ. ಕಡತ ಬಿಚ್ಚಿದರೆ ಬಲಕ್ಕೆ ಪತ್ರವ್ಯವಹಾರ, ಎಡಕ್ಕೆ ಟಿಪ್ಪಣಿ. ಕೆಳಗಿನ ಅಧಿಕಾರಿ ಒಂದು ಸಲಹೆ ಬರೆಯುತ್ತಾನೆ, ಮೇಲಿನವರು ಅದನ್ನು ತಿದ್ದುತ್ತಾರೆ, ಅವರಿಗೂ ಮೇಲಿನವರು ಅಂಚಿನಲ್ಲಿ ಒಂದೇ ಪದ ಗೀಚಿ ಸಹಿ ಹಾಕುತ್ತಾರೆ. ಆ ಅಂಚಿನ ಪದಕ್ಕಾಗಿ ಸಂಶೋಧಕ ಸಾವಿರ ಮೈಲಿ ಹೋಗುತ್ತಾನೆ.

ಅವಳೂ ಹೋದಳು. ಡಿಸೆಂಬರ್ ರಜೆಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ನಿಜಾಮುದ್ದೀನ್‌ನಲ್ಲಿ ಇಳಿದು, ಹತ್ತು ದಿನ ಸರ್ಕಾರಿ ದಾಖಲೆಗಳ ಓದುಕೋಣೆಯೊಂದರಲ್ಲಿ ಕೂತಳು. ಸೂಚಿಪುಸ್ತಕ ನೋಡಿ, ಕಡತದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟು ಕಾಯಬೇಕು. ಊರಿಗೆ ಬಂದವಳು ಆ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಹರಡಿದಳು. ಇಪ್ಪತ್ನಾಲ್ಕು ಚೀಟಿ. ಹತ್ತೊಂಬತ್ತರ ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಅಕ್ಷರ: ‘ಎನ್.ಟಿ.’ ನಾಟ್ ಟ್ರಾನ್ಸ್‌ಫರ್ಡ್. ಕಡತ ಹುಟ್ಟಿದ ಕಚೇರಿಯಿಂದ ಇನ್ನೂ ಹಸ್ತಾಂತರವಾಗಿಲ್ಲ ಎಂದರ್ಥ. ಮೂರರ ಮೇಲೆ ‘ಜೀರ್ಣವಾಗಿದೆ, ಕೊಡಲಾಗದು’. ಸಿಕ್ಕಿದ್ದು ಎರಡು, ಅದರಲ್ಲೊಂದು ಕಟ್ಟಡ ಬಾಡಿಗೆಯ ಲೆಕ್ಕ. ಯಾವ ಕಚೇರಿಯನ್ನೂ ಹೆಸರಿಸಿ ದೂರುವುದು ನನ್ನ ಉದ್ದೇಶವಲ್ಲ. ಚೀಟಿಗಳು ಬೇರೆಬೇರೆ ಇಲಾಖೆಗಳವು, ಚಾಳಿ ಮಾತ್ರ ಒಂದೇ.

ಕೊನೆಗೆ ಅವಳ ಪ್ರಬಂಧ ನಿಂತದ್ದು ಯಾವುದರ ಮೇಲೆ ಗೊತ್ತೇ? ನೆಹರೂ ಅವರ ಆಯ್ದ ಬರಹಗಳ ಸಂಪುಟಗಳು ಒಂದಿಷ್ಟು ಕೊಟ್ಟವು. ಮಿಕ್ಕದ್ದೆಲ್ಲ ಅಮೆರಿಕದ ವಿದೇಶಾಂಗ ಇಲಾಖೆ ಅಚ್ಚು ಹಾಕಿಸಿದ ಸಂಪುಟದಿಂದ ಬಂತು. ಆ ಇಲಾಖೆ 1861ರಿಂದ ತನ್ನ ರಾಜತಾಂತ್ರಿಕ ಪತ್ರಗಳನ್ನು ತಾನೇ ಪ್ರಕಟಿಸುತ್ತ ಬಂದಿದೆ. 1950ರ ಕೊರಿಯಾಕ್ಕೆಂದೇ ಒಂದು ಸಂಪುಟವಿದೆ. ಅಂದು ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ನಮ್ಮ ಹಿರಿಯ ಅಧಿಕಾರಿಗಳ ಜೊತೆ ಆಡಿದ ಮಾತನ್ನು ತಂತಿಯಲ್ಲಿ ವಾಷಿಂಗ್ಟನ್‌ಗೆ ಕಳಿಸುತ್ತಿದ್ದರು. ದೆಹಲಿಯಲ್ಲಿ ಭಾರತೀಯರು ಏನು ಯೋಚಿಸಿದರು ಎಂಬುದನ್ನು ಬಂಟ್ವಾಳದ ಹುಡುಗಿ, ಅಮೆರಿಕನ್ ರಾಯಭಾರಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಳು. ಆಕರವನ್ನು ಶಂಕಿಸಬೇಕು, ಎದುರು ಪಕ್ಷದ ಕಾಗದದೊಂದಿಗೆ ತಾಳೆ ನೋಡಬೇಕು ಎಂದು ಮೊದಲ ವಾರವೇ ಹೇಳಿಕೊಟ್ಟವನು ನಾನು. ತಾಳೆ ನೋಡಲು ಇನ್ನೊಂದು ಕಾಗದವೇ ಇಲ್ಲ ಎಂದು ಅವಳು ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇದು ಒಬ್ಬಳ ಕತೆಯಲ್ಲ. 1971ರ ಯುದ್ಧವನ್ನೇ ನೋಡಿ. ಇತಿಹಾಸಕಾರ ಶ್ರೀನಾಥ್ ರಾಘವನ್ 2013ರಲ್ಲಿ ಬಾಂಗ್ಲಾದೇಶದ ಹುಟ್ಟಿನ ಜಾಗತಿಕ ಇತಿಹಾಸ ಬರೆದಾಗ ದೆಹಲಿಯ ಒಳಮಾತಿಗೆ ದೊಡ್ಡ ಆಸರೆಯಾದದ್ದು ಆಗ ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಅವರ, ದೆಹಲಿಯ ತೀನ್‌ಮೂರ್ತಿಯ ಗ್ರಂಥಾಲಯದಲ್ಲಿರುವ ಖಾಸಗಿ ಪತ್ರಗಳು. ಒಬ್ಬ ಅಧಿಕಾರಿ ತನ್ನ ಕಾಗದಗಳನ್ನು ಜೋಪಾನ ಮಾಡಿದ್ದರಿಂದ ನಮಗೆ ಆ ಇತಿಹಾಸ ಸಿಕ್ಕಿತು. ಜೋಪಾನ ಮಾಡದವರ ಪಾಲಿನದು ಹೋಯಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ ಸಾರ್ವಜನಿಕವಾಗಿ ಹೇಳಿದರು: 1962, 1965, 1971ರ ಯುದ್ಧಗಳ ದಾಖಲೆಗಳು ತಮ್ಮಲ್ಲಿಲ್ಲ, ಹಸಿರು ಕ್ರಾಂತಿಯವೂ ಇಲ್ಲ ಎಂದು. ಮನೆಯ ಹಿರಿಯರೇ ಎದ್ದು ನಿಂತು ಕಣಜ ಬರಿದಾಗಿದೆ ಎಂದಂತಾಯಿತು. ಆ ಮಾತು ಎರಡು ದಿನ ಪತ್ರಿಕೆಗಳಲ್ಲಿ ಬಂದು ಮರೆತುಹೋಯಿತು. ನಮ್ಮ ತರಗತಿಗಳಲ್ಲಿ ಮರೆಯಲಾಗಲಿಲ್ಲ.

ಕಾನೂನಿನ ಕೊರತೆಯಿಂದ ಹೀಗಾಗಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, 1997ರ ನಿಯಮಗಳಿವೆ. 25 ವರ್ಷ ದಾಟಿದ ಕಡತಗಳನ್ನು ಪರಿಶೀಲಿಸಿ, ಉಳಿಸಬೇಕಾದ್ದನ್ನು ಪತ್ರಾಗಾರಕ್ಕೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ, ಗೋಪ್ಯವಲ್ಲದ, 30 ವರ್ಷ ಮೀರಿದ ದಾಖಲೆ ಸಂಶೋಧಕರಿಗೆ ಸಿಗಬೇಕು. ಕಾಯ್ದೆ ಮೀರಿ ದಾಖಲೆ ನಾಶ ಮಾಡಿದವರಿಗೆ ಐದು ವರ್ಷದವರೆಗೆ ಜೈಲು ಉಂಟು. ಕೊಡದೆ ಸುಮ್ಮನೆ ಇಟ್ಟುಕೊಂಡವರಿಗೆ ಶಿಕ್ಷೆಯೇ ಇಲ್ಲ. ಎಲ್ಲ ಸೋರಿಹೋಗುವುದು ಈ ತೂತಿನಿಂದ.

ಇನ್ನು ಮಾಹಿತಿ ಹಕ್ಕು. 2005ರ ಕಾಯ್ದೆಯ 8ನೇ ಕಲಂನ 3ನೇ ಉಪಕಲಂ, 20 ವರ್ಷ ಹಿಂದಿನ ಸಂಗತಿಯ ಮಾಹಿತಿಯನ್ನು ಕೊಡಬೇಕು ಎನ್ನುತ್ತದೆ. ಆದರೆ ಕೆಲವನ್ನು ಹೊರಗಿಡುತ್ತದೆ. ಹೊರಗಿಟ್ಟವುಗಳಲ್ಲಿ ಮೊದಲನೆಯದೇ ದೇಶದ ಭದ್ರತೆ ಮತ್ತು ಪರದೇಶಗಳೊಂದಿಗಿನ ಸಂಬಂಧ. ರಸ್ತೆಯ ಟೆಂಡರಿಗೆ 20 ವರ್ಷದ ಮಿತಿ ಉಂಟು, ನಮ್ಮ ವಿಷಯಕ್ಕೆ ಕಾಲದ ಮಿತಿಯೇ ಇಲ್ಲ. ಬ್ರಿಟನ್ನಿನಲ್ಲಾದರೋ ಸರ್ಕಾರಿ ಕಡತಗಳನ್ನು ತೆರೆಯುವ 30 ವರ್ಷದ ನಿಯಮವನ್ನು 20ಕ್ಕೆ ಇಳಿಸಿದ್ದಾರೆ.

ಭದ್ರತೆಯ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಗುಪ್ತ ಮಾಹಿತಿ ಕೊಟ್ಟವರ ಹೆಸರು ಹೊರಬರಬಾರದು. ನಡೆಯುತ್ತಿರುವ ಗಡಿ ಮಾತುಕತೆಗೆ ತೊಡಕಾಗುವ ಪುಟವನ್ನು ತಡೆಹಿಡಿಯಿರಿ, ಒಪ್ಪುತ್ತೇನೆ. ಆದರೆ ತಡೆಹಿಡಿದದ್ದು ಯಾವ ಪುಟ, ಯಾವ ಕಾರಣಕ್ಕೆ, ಯಾವ ವರ್ಷದವರೆಗೆ ಎಂದು ಬರೆದಿಡಿ. 1962ರ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ 1963ರಲ್ಲಿ ಕೊಟ್ಟ ವರದಿ ಇಂದಿಗೂ ಗೋಪ್ಯವೇ. ಅದರ ಹಲವು ಪುಟಗಳನ್ನು ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅಂತರ್ಜಾಲಕ್ಕೆ ಹಾಕಿದರು. ನಮ್ಮ ಸೇನಾಧಿಕಾರಿಗಳು ನಮ್ಮ ಸರ್ಕಾರಕ್ಕೆ ಬರೆದ ವರದಿಯನ್ನು ನಮ್ಮ ಮಕ್ಕಳು ಹೊರದೇಶದ ಪತ್ರಕರ್ತರೊಬ್ಬರ ಕೈಯಿಂದ ಪಡೆದು ಓದಬೇಕಾಯಿತು. ಇದರಲ್ಲಿ ರಕ್ಷಣೆಯಾದದ್ದು ಏನು?

ಚೀನಾದೊಂದಿಗಿನ ಗಡಿ ವಿವಾದ ಕಾವೇರಿದ್ದ 1959ರಲ್ಲಿ ಇತಿಹಾಸಕಾರ ಸರ್ವೇಪಲ್ಲಿ ಗೋಪಾಲ್ ಅವರನ್ನು ಸರ್ಕಾರ ಲಂಡನ್ನಿಗೆ ಕಳಿಸಿತ್ತು; ಅಲ್ಲಿ ಬ್ರಿಟಿಷರ ಹಳೆಯ ಕಡತಗಳಲ್ಲಿ ಭಾರತದ ಪರ ಸಾಕ್ಷ್ಯ ಹುಡುಕಲು. ಅವರು ಆಗ ತಮ್ಮ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗದಲ್ಲೇ ಇದ್ದರು. ಹಳೆಯ ಕಾಗದ ದೇಶದ ಬಲ ಎಂದು ಸೌತ್ ಬ್ಲಾಕಿಗೆ ಅಂದೇ ಗೊತ್ತಿತ್ತು. ನಾಳೆ ಇನ್ನೊಂದು ದೇಶದೆದುರು ಕೂತು ವಾದಿಸುವ ಅಧಿಕಾರಿ ಇಂದು ನಮ್ಮಂಥವರ ತರಗತಿಯ ಬೆಂಚಿನಲ್ಲಿದ್ದಾನೆ. ಕಡತ ಓದುವುದನ್ನು ಕಡತವಿಲ್ಲದೆ ಅವನಿಗೆ ಕಲಿಸುವುದು ಹೇಗೆ?

ಕಡತ ಸಿಗದಿದ್ದರೆ ಜನರನ್ನು ಮಾತಾಡಿಸಿ ಎನ್ನುವವರಿದ್ದಾರೆ. ಮಾತಾಡಿಸುತ್ತೇವೆ. ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆಗೆ ಪ್ರತಿವರ್ಷ ಮಕ್ಕಳನ್ನು ಕರೆದೊಯ್ಯುತ್ತೇನೆ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು ಮೂರು ಸಾವಿರ ಎಕರೆಯಲ್ಲಿ ಕಾಡು ಕಡಿದು ಜೋಳ ಬಿತ್ತಿದ ಟಿಬೆಟನ್ ಅಜ್ಜಂದಿರು ಕನ್ನಡದಲ್ಲೇ ಕತೆ ಹೇಳುತ್ತಾರೆ. ಆನೆ ಬಂದದ್ದು, ಮೊದಲ ಮಳೆಗಾಲದಲ್ಲಿ ಮಕ್ಕಳು ಸತ್ತದ್ದು. ವರ್ಷವರ್ಷಕ್ಕೂ ಹೇಳುವವರು ಕಡಿಮೆಯಾಗುತ್ತಿದ್ದಾರೆ. ದೆಹಲಿ ಅವರನ್ನು ಇಷ್ಟು ದಕ್ಷಿಣಕ್ಕೆ ಏಕೆ ಕಳಿಸಿತು, ಚೀನಾದ ಲೆಕ್ಕಾಚಾರ ಎಷ್ಟಿತ್ತು ಎಂಬುದು ಮಾತ್ರ ಆ ಅಜ್ಜಂದಿರಿಗೆ ಗೊತ್ತಿಲ್ಲ. ಅದು ಕಾಗದದಲ್ಲಿದೆ.

ಕಾಗದವಿಲ್ಲದೆ ನನ್ನ ಪತ್ರಿಕೆ ಬಡವಾಗಿದೆ. ಗುಣಾತ್ಮಕ, ಪರಿಮಾಣಾತ್ಮಕ ಸಂಶೋಧನೆಯ ವ್ಯತ್ಯಾಸ ಬರೆಯಿರಿ ಎಂದು ಕೇಳುತ್ತೇವೆ; ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಂಕಿ ಬೇಕೆಂದರೆ ಮಿಷಿಗನ್ನಿನಲ್ಲೋ ಉಪ್ಸಾಲಾದಲ್ಲೋ ಕೂಡಿಸಿದ ಯುದ್ಧಗಳ ಪಟ್ಟಿ ಇಳಿಸಿಕೊಳ್ಳುತ್ತಾರೆ. ಪ್ರಶ್ನೆ ಕೇಳುವ ಚುರುಕು ಇದ್ದವರು ಎರಡನೇ ಸೆಮಿಸ್ಟರಿನ ಹೊತ್ತಿಗೆ ಭಾರತವನ್ನು ಬಿಟ್ಟು ಅಮೆರಿಕದ ವಿದೇಶಾಂಗ ನೀತಿಯ ಮೇಲೆ ಸಿನಾಪ್ಸಿಸ್ ಕೊಡುತ್ತಾರೆ. ಅಲ್ಲಿಯ ಆಕರ ಸಿಗುತ್ತದಲ್ಲ ಸರ್ ಎನ್ನುತ್ತಾರೆ. ನನಗೆ ತುಂಬ ನೋವಾಗುವುದು ಇಲ್ಲಿ.

ತಮ್ಮ ಇಲಾಖೆ ಏನೂ ಮಾಡಿಲ್ಲ ಎನ್ನಲಾರೆ. ಸಾವಿರಾರು ಕಡತಗಳು ಪತ್ರಾಗಾರ ತಲುಪಿವೆ, ಅದರ ಜಾಲತಾಣವಾದ ಅಭಿಲೇಖ್ ಪಟಲ್‌ನಲ್ಲಿ ಮನೆಯಲ್ಲೇ ಕೂತು ಓದುವಂತಾಗಿದೆ. 2021ರಲ್ಲಿ ರಕ್ಷಣಾ ಇಲಾಖೆ ಯುದ್ಧ ದಾಖಲೆಗಳನ್ನು 25 ವರ್ಷಕ್ಕೆ ಬಿಡುಗಡೆ ಮಾಡುವ ನೀತಿ ಒಪ್ಪಿಕೊಂಡಿತು. ಅಂಥ ನೀತಿ ಬೇಕೆಂದು ಹಿಂದೆಯೇ ಹೇಳಿದ್ದು ತಮ್ಮ ತಂದೆಯವರು, ಕೆ. ಸುಬ್ರಹ್ಮಣ್ಯಂ ಅವರು, ಮುನ್ನಡೆಸಿದ ಕಾರ್ಗಿಲ್ ಪರಿಶೀಲನಾ ಸಮಿತಿ. ವಿದೇಶಾಂಗ ಇಲಾಖೆ ಹಿಂದೆ ಬೀಳಬಾರದು. 1995ಕ್ಕಿಂತ ಹಿಂದಿನ ಯಾವ ಕಡತ ತಮ್ಮಲ್ಲಿ ಉಳಿದಿದೆ ಎಂಬ ಪಟ್ಟಿಯನ್ನು ಮೊದಲು ಹೊರತನ್ನಿ. ಒಳಗಿನ ಮಾತು ಬೇಡ, ಸಂಖ್ಯೆ ಮತ್ತು ಶೀರ್ಷಿಕೆ ಸಾಕು. ವರ್ಷಕ್ಕೆ ಇಷ್ಟು ಹಸ್ತಾಂತರಿಸಿದೆವು ಎಂದು ಸಂಸತ್ತಿಗೆ ಲೆಕ್ಕ ಕೊಡಿ. ಮಾಹಿತಿ ಹಕ್ಕಿನ ಆ ಉಪಕಲಮಿಗೆ ವಿದೇಶ ಸಂಬಂಧದ ಮಟ್ಟಿಗೂ ಒಂದು ವರ್ಷಮಿತಿ ಹಾಕಿಸಿ. ಭಾರತದ ರಾಜತಾಂತ್ರಿಕ ಪತ್ರಗಳ ಸಂಪುಟಮಾಲೆಯನ್ನು ತಮ್ಮ ಕಾಲದಲ್ಲೇ ಶುರುಮಾಡಿ.

ಆ ಹುಡುಗಿಗೆ ಒಳ್ಳೆಯ ಅಂಕ ಬಂತು. ಅವಳು ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಹತ್ತೊಂಬತ್ತು ಚೀಟಿಗಳ ನೆರಳಚ್ಚನ್ನು ಈ ಪತ್ರದ ಜೊತೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅವುಗಳಲ್ಲಿ ನಮೂದಾದ ಕಡತಗಳೆಲ್ಲ 1950ರವು. ದಯವಿಟ್ಟು ಯಾರಿಗಾದರೂ ಹೇಳಿ ಹುಡುಕಿಸಿ.

ಇಂತಿ,
ಸಂಶೋಧನಾ ವಿಧಾನ ಕಲಿಸುವ ಒಬ್ಬ ಮೇಷ್ಟ್ರು